ಹಿಮದಡಿಯ ನೆಲವನ್ನು ಜಯನಗರದಲ್ಲಿ ಕೂತು ಓದಿದ್ದು

ನನ್ನ ಹೊಟ್ಟೆಪಾಡು ಮ್ಯಾಪಿಂಗ್. ವಾರವಿಡೀ ಮಾರತ್‌ಹಳ್ಳಿ ಕಡೆಯ ಆಫೀಸಿನಲ್ಲಿ ರಸ್ತೆ, ಚರಂಡಿ, ಸೈಟುಗಳ ಗಡಿ ಎಳೆಯುತ್ತೇನೆ. ಭಾನುವಾರ ಮನೆಯಲ್ಲಿ ಅದೇ ಕೈ, ನಕ್ಷೆ ಮಾಡುವ ಅದೇ ಕ್ಯೂಜಿಐಎಸ್ ಸಾಫ್ಟ್‌ವೇರ್. ಆದರೆ ಗೆರೆ ಎಳೆಯುವುದು ಫಿನ್‌ಲೆಂಡಿನ ಡ್ರಮ್ಲಿನ್‌ಗಳ ಸುತ್ತ. ಹಿಮನದಿ ತನ್ನ ಅಡಿಯಲ್ಲಿ ರೂಪಿಸಿಟ್ಟ ದಿಬ್ಬಗಳು ಇವು. ಉದ್ದಕ್ಕೆ ಸೀಳಿ ಕವುಚಿಟ್ಟ ಬದನೆಕಾಯಿ ನೆನೆಸಿಕೊಳ್ಳಿ, ಆ ಥರ. ಅದೂ ಒಂದೆರಡಲ್ಲ, ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿದ ನೂರಾರು.

ಹಿಮ ಇನ್ನೂ ಮೇಲೆ ಕೂತಿರುವಾಗ ಕೆಳಗೆ ಏನಾಗುತ್ತಿದೆ ಅಂತ ನೋಡುವುದು ಬಹಳ ಕಷ್ಟ. ಕೊರೆದು ನೋಡಬಹುದು, ಆದರೆ ಒಂದು ತೂತಿನಲ್ಲಿ ಎಷ್ಟು ತಾನೇ ಕಂಡೀತು? ಅಂಟಾರ್ಕ್ಟಿಕಾದ ರಟ್‌ಫರ್ಡ್ ಹಿಮಪ್ರವಾಹದ (ಹಿಮದ ಹೊದಿಕೆಯೊಳಗೆ ಬೇಗ ಹರಿಯುವ ಪಟ್ಟಿ) ಮೇಲೆ ಬ್ರಿಟಿಷ್ ವಿಜ್ಞಾನಿಗಳು ಕಂಪನದ ಅಲೆಗಳನ್ನು ಕೆಳಗಿಳಿಸಿ, ಪ್ರತಿಧ್ವನಿ ಹಿಡಿದು ತಳ ಅಳೆದರು. 1991, 1997, 2004, ಮೂರು ಸಲವೂ ಅದೇ ಸಾಲಿನಲ್ಲಿ. ಮೊದಲ ಅವಧಿಯಲ್ಲಿ ತಳದ ಮಣ್ಣು ಸುಮಾರು 6 ಮೀಟರ್ ಕೊರೆದುಹೋಗಿತ್ತು. ಎರಡನೆಯದರಲ್ಲಿ 10 ಮೀಟರ್ ಎತ್ತರ, 100 ಮೀಟರ್ ಅಗಲದ ಹೊಸ ದಿಬ್ಬ ಎದ್ದಿತ್ತು. ಮೇಲೆ 2 ಕಿಲೋಮೀಟರಿಗೂ ಜಾಸ್ತಿ ಹಿಮ! ಇದನ್ನು ಓದಿದ ಮೇಲೇ ನನಗೆ ಈ ಹುಚ್ಚು ಹಿಡಿದದ್ದು. ಇಂಥವು ಸಾವಿರಾರು ವರ್ಷ ಬೇಕಾಗುವ ಕೆಲಸ ಅಂದುಕೊಂಡಿದ್ದೆ.

ಅಷ್ಟು ದೂರ ಹೋಗಲಾಗದವರಿಗೆ ಇನ್ನೊಂದು ದಾರಿ ಇದೆ. ಹಿಮ ಕರಗಿ ಹೋದ ಕಡೆ ಹಳೆಯ ತಳ ಹಾಗೇ ತೆರೆದುಕೊಂಡಿದೆ. ಫಿನ್‌ಲೆಂಡಿನ ಸರ್ವೆ ಇಲಾಖೆ ಇಡೀ ದೇಶವನ್ನು ವಿಮಾನದಿಂದ ಲೇಸರ್ ಬಿಟ್ಟು ಅಳೆದು, ಲೆಕ್ಕದಿಂದ ಮರಗಿಡ ತೆಗೆದುಹಾಕಿ, 2 ಮೀಟರಿಗೊಂದು ಎತ್ತರದ ಲೆಕ್ಕವನ್ನು ಬಿಟ್ಟಿಯಾಗಿ ಕೊಡುತ್ತದೆ. ಕಾಡಿನೊಳಗೆ ನಿಂತವನಿಗೂ ಕಾಣದ ದಿಬ್ಬ ಜಯನಗರದ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ.

ನಾನು ಆರಿಸಿಕೊಂಡದ್ದು ಪಿಯೆಕ್ಸಾಮಾಕಿ ಸುತ್ತಲಿನ ಡ್ರಮ್ಲಿನ್ ಬಯಲು. ಅಲ್ಲಿ ಹಿಮ ವಾಯವ್ಯದಿಂದ ಆಗ್ನೇಯಕ್ಕೆ ಹರಿದಿತ್ತು. ದಿಬ್ಬಗಳೂ ಅದೇ ದಿಕ್ಕಿಗೆ ಉದ್ದ. ಎತ್ತರದ ಲೆಕ್ಕವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಲು ಎಲ್ಲರೂ ಹಿಲ್‌ಶೇಡ್ ಮಾಡುತ್ತಾರೆ, ಅಂದರೆ ಒಂದು ಕಡೆಯಿಂದ ಸುಳ್ಳು ಬಿಸಿಲು ಬಿಡುವುದು. ಈ ಬಿಸಿಲು ರೂಢಿಯಂತೆ 315 ಡಿಗ್ರಿಯಿಂದ, ಅಂದರೆ ವಾಯವ್ಯದಿಂದಲೇ ಬರುತ್ತದೆ. ದಕ್ಷಿಣದಿಂದ ಬಿಟ್ಟರೆ ನಮ್ಮ ಕಣ್ಣಿಗೆ ದಿಬ್ಬ ಹಳ್ಳವಾಗಿ, ಹಳ್ಳ ದಿಬ್ಬವಾಗಿ ಕಾಣುತ್ತದೆ ಅನ್ನುವುದು ಕಾರಣ. ಆದರೆ ಇಲ್ಲಿ ದಿಬ್ಬ ಮಲಗಿರುವ ದಿಕ್ಕೂ ವಾಯವ್ಯವೇ! ಬಿಸಿಲು ಬೆನ್ನುದ್ದಕ್ಕೂ ಸವರಿಕೊಂಡು ಹೋಗುತ್ತದೆ, ಪಕ್ಕಕ್ಕೆ ನೆರಳೇ ಬೀಳುವುದಿಲ್ಲ. ದಿಬ್ಬಗಳು ಅರ್ಧಕ್ಕರ್ಧ ಮಾಯ. ಅದೇ ಕೋನವನ್ನು 45ಕ್ಕೆ, ಅಂದರೆ ಈಶಾನ್ಯಕ್ಕೆ ತಿರುಗಿಸಿ ನೋಡಿ. ಸಾಲುಸಾಲಾಗಿ ಎದ್ದು ನಿಲ್ಲುತ್ತವೆ. ಆದರೆ ಆಗ ಅಡ್ಡಕ್ಕೆ ಇರುವ ಸಣ್ಣ ಏರುಗಳು ಮಂಕಾಗುತ್ತವೆ. ಹಾಗಾಗಿ ಒಂದೇ ಬಿಸಿಲಿನ ಚಿತ್ರದ ಮೇಲೆ ಯಾರಾದರೂ ‘ಇಲ್ಲಿ ಇಷ್ಟು ಡ್ರಮ್ಲಿನ್’ ಅಂತ ಎಣಿಸಿ ಕೊಟ್ಟರೆ ನಾನು ನಂಬುವುದಿಲ್ಲ.

ನಾನು ಮಾಡುವುದು ಹೀಗೆ. ಎರಡು ಮೂರು ದಿಕ್ಕಿನ ಹಿಲ್‌ಶೇಡ್ ಹುಡುಕಲು ಮಾತ್ರ. ಗೆರೆ ಎಳೆಯುವುದು ಇಳಿಜಾರಿನ ಪದರದ ಮೇಲೆ, ಅಂದರೆ ಎಲ್ಲಿ ಎಷ್ಟು ಇಳಿಜಾರು ಅಂತ ತೋರಿಸುವ ನಕ್ಷೆಯ ಮೇಲೆ. ಅದಕ್ಕೆ ಬಿಸಿಲಿನ ಹಂಗಿಲ್ಲ. ದಿಬ್ಬದ ಪಕ್ಕೆ ಇಳಿದು ಬಯಲಿಗೆ ಸೇರುವ ಜಾಗದಲ್ಲಿ ಇಳಿಜಾರು ತಟ್ಟನೆ ಕಡಿಮೆಯಾಗುತ್ತದೆ. ಅಲ್ಲೇ ಪಾಲಿಗನ್, ಅಂದರೆ ಮುಚ್ಚಿದ ಗಡಿ ಗೆರೆ, ಸುತ್ತಬೇಕು. ಬಾಲದ ತುದಿ ಮಾತ್ರ ಸಲೀಸಾಗಿ ಸಿಗುವುದಿಲ್ಲ, ಸಣ್ಣಗಾಗುತ್ತಾ ನೆಲದಲ್ಲಿ ಕರಗಿಹೋಗಿರುತ್ತದೆ. ಅಲ್ಲಿ ಅಡ್ಡಸೀಳಿಕೆ (ಅಡ್ಡ ಗೆರೆಯುದ್ದಕ್ಕೂ ಎತ್ತರದ ಏರಿಳಿತ) ತೆಗೆದು, ಉಬ್ಬು ಪೂರ್ತಿ ಸಪಾಟಾದ ಕಡೆ ನಿಲ್ಲಿಸುತ್ತೇನೆ. ಕೆಲವು ದಿಬ್ಬಗಳ ಅರ್ಧ ಕೆರೆಯೊಳಗಿದೆ. ಅವನ್ನು ಅಳತೆಗೆ ಸೇರಿಸುವುದೇ ಇಲ್ಲ, ದಿಕ್ಕಿಗಷ್ಟೇ ಬಳಸುತ್ತೇನೆ.

ಉದ್ದ, ಅಗಲ ಬಂದ ಮೇಲೆ ಹೋಲಿಸಿ ನೋಡಲು ಒಳ್ಳೆಯ ಆಧಾರ ಇದೆ. 2009ರಲ್ಲಿ ಹಿಮನದಿ ವಿಜ್ಞಾನಿ ಕ್ರಿಸ್ ಕ್ಲಾರ್ಕ್ ಅವರ ತಂಡ 58,983 ಡ್ರಮ್ಲಿನ್‌ಗಳ ಅಳತೆ ಪ್ರಕಟಿಸಿತು. ಹೆಚ್ಚಿನವು 250ರಿಂದ 1,000 ಮೀಟರ್ ಉದ್ದ, 120ರಿಂದ 300 ಮೀಟರ್ ಅಗಲ. ಉದ್ದವು ಅಗಲದ 1.7ರಿಂದ 4.1 ಪಟ್ಟು. ಇದರಾಚೆ ಹೋದದ್ದನ್ನು ನಾನು ಅಳಿಸುವುದಿಲ್ಲ, ಆದರೆ ಇನ್ನೊಮ್ಮೆ ತೆರೆದು ನೋಡುತ್ತೇನೆ. ಎಷ್ಟೋ ಸಲ ಎರಡು ದಿಬ್ಬ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಆಕಾರ ಗೊತ್ತಾದ ಮಾತ್ರಕ್ಕೆ ಹುಟ್ಟು ಗೊತ್ತಾಗುವುದಿಲ್ಲ. ಕೆಲವು ಡ್ರಮ್ಲಿನ್‌ಗಳ ಒಳಗೆ ಬಂಡೆ ಇದೆ, ಕೆಲವುಗಳಲ್ಲಿ ಪದರ ಪದರವಾದ ಮರಳು, ಇನ್ನು ಕೆಲವುಗಳಲ್ಲಿ ಕಲ್ಲು, ಜೇಡಿ ಎಲ್ಲ ಕಲಸಿದ ಟಿಲ್. ಹಿಮದಡಿ ಭಾರೀ ನೀರಿನ ಪ್ರವಾಹ ಬಂದು ಇವನ್ನು ಮಾಡಿತು ಅನ್ನುವ ವಿಜ್ಞಾನಿ ಜಾನ್ ಶಾ ಅವರ ವಾದ ನನಗೆ ಒಪ್ಪಿಗೆಯಾಗಿಲ್ಲ. ಅಷ್ಟು ನೀರು ಎಲ್ಲಿಂದ ತರೋಣ? ನೀರು ತುಂಬಿ ಮೆತ್ತಗಾದ ಟಿಲ್ ಮೇಲೆ ಹಿಮ ಜಾರುವಾಗ ಸಣ್ಣ ಉಬ್ಬೇ ದೊಡ್ಡದಾಗುತ್ತಾ ಹೋಗುತ್ತದೆ ಅನ್ನುವ ಹಿಂಡ್‌ಮಾರ್ಶ್, ಫೌಲರ್ ಅವರ ಲೆಕ್ಕ ನನಗೆ ಜಾಸ್ತಿ ಹಿಡಿಸುತ್ತದೆ. ದಿಬ್ಬಗಳ ನಡುವಿನ ಅಂತರ ಬಹುಮಟ್ಟಿಗೆ ಒಂದೇ ಥರ ಇರುವುದಕ್ಕೂ ಅದು ಕಾರಣ ಕೊಡುತ್ತದೆ.

ಎಸ್ಕರ್‌ಗಳ ಕತೆ ಇನ್ನೂ ಮಜಾ. ಹಿಮದಡಿಯ ಸುರಂಗದಲ್ಲಿ ನೀರು ಹರಿದು, ಮರಳು ಜಲ್ಲಿ ತುಂಬಿ, ಹಿಮ ಹೋದ ಮೇಲೆ ಉಳಿದ ಉದ್ದನೆಯ ಏರಿ ಅದು. ಫಿನ್‌ಲೆಂಡಿನ ಪುಂಕಹರ್ಯು ಇಂಥದ್ದೇ. ನೆತ್ತಿಯ ಮೇಲೆ ಗೆರೆ ಎಳೆದು ಎತ್ತರ ತೆಗೆದರೆ ಎಷ್ಟೋ ಎಸ್ಕರ್‌ಗಳು ಗುಡ್ಡ ಹತ್ತಿ ಆಚೆ ಇಳಿಯುತ್ತವೆ. ನೀರು ಗುಡ್ಡ ಹತ್ತುತ್ತಾ? ಹತ್ತುತ್ತದೆ. ಸುರಂಗ ತುಂಬಿ ಒತ್ತಡದಲ್ಲಿದ್ದಾಗ ಅದನ್ನು ತಳ್ಳುವುದು ಮೇಲಿನ ಹಿಮದ ತೂಕ. ನೀರಿಗೂ ಹಿಮಕ್ಕೂ ಇರುವ ಸಾಂದ್ರತೆಯ ವ್ಯತ್ಯಾಸ ಹಾಕಿ ಲೆಕ್ಕ ಮಾಡಿದರೆ, ಹಿಮದ ಮೇಲ್ಮೈ ಇಳಿಜಾರು ತಳದ ಇಳಿಜಾರಿಗಿಂತ ಸುಮಾರು 11 ಪಟ್ಟು ಪ್ರಭಾವ ಬೀರುತ್ತದೆ. ಎಕ್ಸೆಲ್ಲಿನಲ್ಲಿ ಒಂದು ಸಾಲಿನ ಲೆಕ್ಕ, ಆದರೆ ಅದನ್ನು ಎಸ್ಕರ್ ಪಕ್ಕದಲ್ಲಿ ಇಟ್ಟಾಗ ಆಗ ಹಿಮದ ಬೆನ್ನು ಯಾವ ಕಡೆ ವಾಲಿತ್ತು ಅಂತ ಗೊತ್ತಾಗುತ್ತದೆ. ಅಂದಹಾಗೆ ಎಸ್ಕರ್ ಮೇಲೆ ರಸ್ತೆ, ಪಕ್ಕದಲ್ಲಿ ಜಲ್ಲಿ ಕ್ವಾರಿ ಮಾಮೂಲು. ಕ್ವಾರಿ ಗುಂಡಿಯನ್ನು ಹಿಮ ಮಾಡಿದ್ದು ಅಂತ ಗುರುತಿಸದಿರಲು ಪಕ್ಕದಲ್ಲೊಂದು ಉಪಗ್ರಹ ಚಿತ್ರ ಇಟ್ಟುಕೊಂಡಿರಬೇಕು.

ಲಾಲ್‌ಬಾಗ್ ಬಂಡೆ ಮೇಲೆ ವಾಕಿಂಗ್ ಹೋದಾಗ ಗೆಳೆಯನೊಬ್ಬ ಕೇಳಿದ, “ಲೋ, ಇಷ್ಟು ನುಣ್ಣಗಿದೆ, ಇದನ್ನೂ ನಿನ್ನ ಹಿಮಾನೇ ಉಜ್ಜಿದ್ದೇನೋ?” ಅಲ್ಲ. ಅದು 300 ಕೋಟಿ ವರ್ಷದ, ನೈಸ್ (gneiss) ಅನ್ನುವ ಜಾತಿಯ ಬಂಡೆ. ಮೇಲಿನ ಭಾರ ಕಳಚಿದಂತೆ, ಬಿಸಿಲು ಮಳೆಗೆ ಸಿಪ್ಪೆ ಎದ್ದು ಗುಂಡಗಾಗಿದೆ. ಹಿಮ ಉಜ್ಜಿದ್ದರೆ ಒಂದೇ ದಿಕ್ಕಿನ ಗೀರುಗಳಿರುತ್ತಿದ್ದವು. ಅಂಥ ಗೀರು ನೋಡಬೇಕಾದರೆ ಮಹಾರಾಷ್ಟ್ರದ ಚಂದ್ರಪುರ ಕಡೆಯ ಇರಾಯ್‌ಗೆ ಹೋಗಬೇಕು. ಅಲ್ಲಿ ತಾಲ್ಚಿರ್ ಕಲ್ಲಿನ ಪದರದ ಅಡಿ ಸುಮಾರು 30 ಕೋಟಿ ವರ್ಷ ಹಿಂದಿನ ಹಿಮನದಿಯ ಗೀರುಗಳಿವೆ. “ಹಾಗಾದ್ರೆ ಒಂದ್ಸಲ ಹೋಗೋಣ ಬಿಡು” ಅಂದ. ಇನ್ನೂ ಹೋಗಿಲ್ಲ.

ಈಗ ಕೈಯಲ್ಲಿರುವುದು ಮುರ್ಟೂಗಳು. ಇವು 2 ಮೀಟರಿನ ಲೇಸರ್ ಲೆಕ್ಕ ಬಂದ ಮೇಲೇ ಗುರುತಿಗೆ ಬಂದ ತ್ರಿಕೋನ ಆಕಾರಗಳು. ಎತ್ತರ ಕೆಲವೇ ಮೀಟರ್, ಚೂಪು ತುದಿ ಹಿಮ ಹರಿದ ಕಡೆಗೆ. ತುದಿಯ ಎರಡು ಅಂಚು ಇಳಿಜಾರಿನ ಪದರದಲ್ಲಿ ಸ್ಪಷ್ಟ. ಹಿಂಬದಿ ಮಾತ್ರ ಎಲ್ಲಿ ಶುರುವಾಗುತ್ತದೆ ಅಂತ ಹೇಳುವುದು ಕಷ್ಟ. ಆಫೀಸಿನ ಸಹೋದ್ಯೋಗಿಗೂ ಅದೇ ಹಾಳೆ ಕೊಟ್ಟು ಬೇರೆಯಾಗಿ ಎಳೆಯಲು ಹೇಳಿದ್ದೇನೆ. ಇಬ್ಬರ ಗೆರೆ ಹೊಂದಿದ ಕಡೆ ಉದ್ದ ಅಳೆಯುತ್ತೇವೆ. ಹೊಂದದ ಕಡೆ ಸದ್ಯಕ್ಕೆ ತುದಿಯ ದಿಕ್ಕನ್ನಷ್ಟೇ ಬರೆದಿಟ್ಟು ಮುಂದಿನದಕ್ಕೆ ಹೋಗುತ್ತೇವೆ.