ಙಕಾರಕ್ಕೆ ಕೆಲಸ ಸಿಕ್ಕ ಊರು

ಚಹಾದ ಅಂಗಡಿಯಲ್ಲಿ ನಾನು ಕೇಳಿದ್ದು ಸಿಹಿ. ಅಂಗಡಿಯ ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿ, ಒಳಗಿದ್ದ ತಾಯಿಗೆ ಏನೋ ಕೂಗಿ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿ ಸಿಹಿಗೆ ‘ತೀಁ’, ಹಂದಿಗೆ ‘ತೀ’. ಎರಡರ ಟೋನೂ, ಅಂದರೆ ದನಿಯ ಏರಿಳಿತವೂ, ಒಂದೇ, ವ್ಯತ್ಯಾಸ ಇರುವುದು ಮೂಗಿನಲ್ಲಿ ಮಾತ್ರ. ನನ್ನ ಮೂಗು ಸುಮ್ಮನಿದ್ದುಬಿಟ್ಟಿತ್ತು.

ಇದು ನಡೆದದ್ದು ತೈವಾನಿನ ದಕ್ಷಿಣದಲ್ಲಿರುವ ತೈನಾನ್‌ನಲ್ಲಿ. ಸಂಶೋಧನೆಗೆಂದು ಮೂರು ವರ್ಷ ಅಲ್ಲಿದ್ದೆ. ಲ್ಯಾಬಿನಲ್ಲಿ ಮ್ಯಾಂಡರಿನ್ ಸಾಕಾಗುತ್ತಿತ್ತು. ಬೀದಿಗೆ ಇಳಿದರೆ ಬೇರೆಯೇ ಮಾತು: ತೈಗಿ. ಚೀನಾದ ಫುಜಿಯಾನ್ ಪ್ರಾಂತ್ಯದ ದಕ್ಷಿಣ ಕರಾವಳಿಯಿಂದ, ಚುವಾನ್‌ಜೌ ಮತ್ತು ಜಾಂಗ್‌ಜೌ ಕಡೆಯಿಂದ ಬಂದ ಜನರ ಜೊತೆ ಕಡಲು ದಾಟಿದ ಹೊಕ್ಕಿಯೆನ್ ಎಂಬ ಚೀನೀ ಮಾತು ಅದು. ನಾನಿದ್ದ ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಬೀದಿಯವರೆಲ್ಲ ಅವರನ್ನು ‘ಆಮಾ’ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದಿನಾ ಬಾಗಿಲಲ್ಲಿ ಸಿಕ್ಕಾಗ ಅವರು ಕೇಳುತ್ತಿದ್ದುದು ‘ಚ್ಯಾ ಪಾ ಬುವೆ?’ ಎಂದು. ಊಟ ಆಯ್ತಾ ಅಂತ. ಇದನ್ನು ಬಿಟ್ಟು ಬೇರೆ ಕಾರಣ ಬೇಕೇ ಒಂದು ಭಾಷೆ ಕಲಿಯಲು?

ರೋಮನ್ ಅಕ್ಷರದ ಪಾಠಪುಸ್ತಕ ತಂದೆ. ಅದರಲ್ಲಿ ಪಿ ಅಂದರೆ ಪ, ಪಿಎಚ್ ಅಂದರೆ ಫ, ಬಿ ಅಂದರೆ ಬ. ಇಷ್ಟಕ್ಕೆ ರೋಮನ್ ಯಾಕೆ ಎಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಲು ಶುರುಮಾಡಿದೆ. ಮ್ಯಾಂಡರಿನ್‌ನಲ್ಲಿ ನಮ್ಮ ಬ, ಗ ಇಲ್ಲ, ತೈಗಿಯಲ್ಲಿ ಇವೆ. ‘ಪಾಂಗ್’ ಎಂದರೆ ಸಹಾಯ, ‘ಫಾಂಗ್’ ಎಂದರೆ ಪರಿಮಳ, ‘ಬಾಂಗ್’ ಎಂದರೆ ಕನಸು. ಕ, ಖ, ಗ ಹಾಗೇ ಸಾಲಾಗಿ ನಿಂತವು. ತ, ಥ ಆದಮೇಲೆ ದಕಾರದ ಜಾಗದಲ್ಲಿ ಲಕಾರ ಕೂತಿತ್ತು. ಟ-ಠ-ಡಗಳ ಸುಳಿವೇ ಇಲ್ಲ.

ಕಾಗದದ ಮೇಲೆ ಗೆದ್ದೆ, ಬಾಯಲ್ಲಿ ಸೋತೆ. ನಾನು ಅರಸೀಕೆರೆ ಕಡೆಯವನು. ನಮ್ಮಲ್ಲಿ ಖರ್ಚು ಅನ್ನುವುದು ಕರ್ಚೇ, ಮಹಾಪ್ರಾಣ ಏನಿದ್ದರೂ ಬರೆಯುವುದಕ್ಕೆ. ಇಲ್ಲಿ ಉಸಿರು ಬಿಡದಿದ್ದರೆ ಮಾತಿನ ಅರ್ಥವೇ ಬದಲು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಗಾಳಿ ತಾಗುತ್ತದೋ ಇಲ್ಲವೋ ನೋಡುತ್ತ ವಾರಗಟ್ಟಲೆ ‘ಪಾಂಗ್, ಫಾಂಗ್’ ಎಂದು ಗಿಣಿಪಾಠ ಮಾಡಿದೆ. ಇನ್ನೊಂದು ಕಡೆ ಊರಿನ ನಾಲಿಗೆಯೇ ಕೈಹಿಡಿಯಿತು. ತೈಗಿಯಲ್ಲಿ ಇಂಗ್ಲಿಷಿನ ಎಫ್ ಸದ್ದಿಲ್ಲ, ಕಾಫಿಗೆ ಅವರು ಅನ್ನುವುದು ‘ಕಾಪಿ’. ನನ್ನಜ್ಜಿ ಹೇಳುತ್ತಿದ್ದದ್ದೂ ಅದನ್ನೇ. ಟೀ ಎಂಬ ಮಾತಿನ ಮೂಲವೂ ಇವರ ‘ತೇ’. ನಮ್ಮ ಚಹಾ ಮಾತ್ರ ಬೇರೆ ಚೀನೀ ಉಪಭಾಷೆಗಳ ‘ಛಾ’ದ ಕಡೆಯದು.

ಪಕಾರ-ಹಕಾರದ ಒಂದು ಜೋಡಿಯೂ ಸಿಕ್ಕಿತು. ಹಕ್ಕಿ ಹಾರುವುದು ‘ಪುವೆ’. ಅದೇ ಚೀನೀ ಅಕ್ಷರವನ್ನು ಗ್ರಂಥಸ್ಥವಾಗಿ ಓದಿದರೆ ‘ಹುಯ್’. ಅನ್ನಕ್ಕೂ ಹೀಗೇ ಎರಡು ಓದು. ಆಡುಮಾತಿನ ಪ ಹಳೆಯದು, ಪುಸ್ತಕದ ಹ ಆಮೇಲೆ ಉತ್ತರದ ರಾಜಧಾನಿಯ ಓದಿನ ಕ್ರಮದ ಜೊತೆ ಬಂದದ್ದು. ಹಳಗನ್ನಡದ ಪಾಲು ಹಾಲಾದ ಕಥೆ ಕೇಳಿ ಬೆಳೆದವನಿಗೆ ಇದು ನೆಂಟರ ಮನೆಯ ಸುದ್ದಿಯಂತೆ ಕೇಳಿಸಿತು. ಆದರೆ ನಮ್ಮಲ್ಲಿ ಹೊಸದು ಹಳೆಯದನ್ನು ಓಡಿಸಿತು, ಅಲ್ಲಿ ಎರಡೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿವೆ.

ಪದದ ಕೊನೆಯಲ್ಲಿ ನಾನು ಮಹಾ ದಡ್ಡ. ಬಸ್ಸು, ಕಾರು ಎಂದು ಎಲ್ಲಕ್ಕೂ ಉಕಾರದ ಬಾಲ ಹಚ್ಚುವ ಜಾತಿ ನಮ್ಮದು. ಅರವತ್ತಕ್ಕೆ ‘ಲಾಕ್‌ಚಾಪ್’. ಆ ಕ್, ಪ್‌ಗಳಲ್ಲಿ ಬಾಯಿ ಮುಚ್ಚಬೇಕು, ಮತ್ತೆ ತೆರೆಯಬಾರದು. ನಾನು ‘ಲಾಕು ಚಾಪು’ ಎಂದರೆ ತರಕಾರಿಯಾಕೆಗೆ ತಿಳಿಯುತ್ತಲೇ ಇರಲಿಲ್ಲ, ಪಾಪ, ಬೆರಳು ತೋರಿಸುತ್ತಿದ್ದಳು.

ಮೂಗಿನ ಸ್ವರ ಹೇಳಿಕೊಟ್ಟವಳು ನನ್ನ ಹೆಂಡತಿ. ಅವಳು ಹೊನ್ನಾವರದವಳು, ಮನೆಮಾತು ಕೊಂಕಣಿ. ನಾನು ಸೊನ್ನೆ ಹಾಕಿ ‘ತೀಂ’ ಎಂದು ಬರೆದದ್ದನ್ನು ನೋಡಿ, ‘ಇದು ಮ್ ಅಲ್ಲ ಮಾರಾಯ್ರೇ, ಈಕಾರವನ್ನೇ ಮೂಗಿಂದ ಬಿಡಿ’ ಎಂದು ತಿದ್ದಿ, ಅರ್ಧಚಂದ್ರದ ಮೇಲೆ ಚುಕ್ಕಿ ಇಟ್ಟಳು. ಅಂದಿನಿಂದ ಚಹಾಕ್ಕೆ ಹಂದಿ ಬೀಳುವುದು ನಿಂತಿತು.

ಇನ್ನು ಙ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ, ಮತ್ತೆಂದೂ ಬರೆಯದ ಅಕ್ಷರ. ತೈನಾನ್‌ನಲ್ಲಿ ಅದು ಸ್ವರದ ಆಸರೆಯಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ: ‘ಙ್’ ಎಂದರೆ ಹಳದಿ, ‘ಪ್ಙ್’ ಎಂದರೆ ಅನ್ನ, ‘ನ್ಙ್’ ಎಂದರೆ ಎರಡು. ಮೊಟ್ಟೆಗೂ ‘ನ್ಙ್’! ಎರಡು ಮೊಟ್ಟೆ ಬೇಕಾದರೆ ‘ನ್ಙ್ ಲ್ಯಾಪ್ ನ್ಙ್’ ಅನ್ನಬೇಕು.

ಕನ್ನಡ ಅಕ್ಷರ ಕೈಕೊಟ್ಟದ್ದು ಟೋನಿನಲ್ಲಿ. ‘ಕೌ’ ಎಂದು ಬರೆದಿಟ್ಟುಕೊಂಡರೆ ಅದು ಚರಂಡಿಯೋ, ನಾಯಿಯೋ, ತಲುಪುವುದೋ, ಕೋತಿಯೋ, ದಪ್ಪವೋ? ಐದೂ ಹೌದು, ಟೋನ್ ಬೇರೆ. ಆಮಾ ಸಾಕಿದ ನಾಯಿಯನ್ನು ಒಂದು ತಿಂಗಳು ಕೋತಿ ಎಂದು ಕರೆದೆ. ತೈನಾನ್‌ನಲ್ಲೇ 1885ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಥಾಮಸ್ ಬಾರ್ಕ್ಲೇ ರೋಮನ್ ಲಿಪಿಯಲ್ಲಿ ತೈಗಿ ಪತ್ರಿಕೆ ಅಚ್ಚು ಹಾಕಿದ್ದರು. ನಮ್ಮಲ್ಲಿ 1843ರಲ್ಲಿ ಮೊಗ್ಲಿಂಗ್ ಮಂಗಳೂರ ಸಮಾಚಾರ ತಂದ ಹಾಗೆ. ಮೊಗ್ಲಿಂಗರಿಗೆ ಕನ್ನಡ ಲಿಪಿ ಸಾಕಾಯಿತು. ಆ ರೋಮನ್ ಬರವಣಿಗೆಗೆ ಹೆಚ್ಚಿನ ಟೋನುಗಳಿಗೆ ಅಕ್ಷರದ ತಲೆಯ ಮೇಲೆ ಗೀಟು ಬೇಕಿತ್ತು. ಕನ್ನಡದ ನೆತ್ತಿಯಲ್ಲಿ ತಲೆಕಟ್ಟು, ಗುಡಿಸು ಮೊದಲೇ ಕೂತಿವೆ, ಜಾಗವಿಲ್ಲ. ನಾನು ಅಂಕಿ ಹಾಕಿದೆ: 1 ಮೇಲೆ ನೇರ, 2 ಮೇಲಿಂದ ಬೀಳು, 3 ತಳ, 5 ಏರು, 7 ನಡು ನೇರ. ಕ್, ಪ್, ತ್‌ನಲ್ಲಿ ಅಥವಾ ಗಂಟಲು ಬಿಗಿದು ನಿಲ್ಲುವವಕ್ಕೆ 4 ತಗ್ಗು, 8 ಎತ್ತರ. ಆರನೆಯದು ಬೇರೆಯಾಗಿ ಉಳಿದಿಲ್ಲ. ನಾಯಿ 2, ಕೋತಿ 5.

ಅಂಕಿ ಕಲಿತು ಸಂತೆಗೆ ಹೋದರೆ ಇನ್ನೊಂದು ಹೊಡೆತ. ಕೊಳ್ಳುವುದು ‘ಬೆ2’, ಮಾರುವುದು ‘ಬೆ7’. ಸರಿ ಅಂದುಕೊಂಡರೆ, ತರಕಾರಿ ಕೊಳ್ಳುವಾಗ ಆ ಬೆ ಮೇಲಿಂದ ಬೀಳುವುದೇ ಇಲ್ಲ, ಮೇಲೆಯೇ ನಿಲ್ಲುತ್ತದೆ. ಮಾರುವಾಗಿನ ಬೆ ತಳಕ್ಕೆ ಇಳಿಯುತ್ತದೆ. ಒಂದು ಗುಂಪಿನ ಮಾತುಗಳಲ್ಲಿ ಕೊನೆಯದು ಮಾತ್ರ ತನ್ನ ನಿಜವಾದ ಟೋನ್ ಉಳಿಸಿಕೊಳ್ಳುತ್ತದೆ, ಹಿಂದಿನವೆಲ್ಲ ವೇಷ ಬದಲಿಸುತ್ತವೆ: 2 ಹೋಗಿ 1, 1 ಹೋಗಿ 7, 7 ಹೋಗಿ 3, 3 ಹೋಗಿ ಮತ್ತೆ 2. ಐದು ತೈನಾನ್‌ನಲ್ಲಿ ಏಳಾಗುತ್ತದೆ, ಉತ್ತರದ ಕಡೆ ಮೂರಾಗುವುದೂ ಉಂಟು. ಭಾಷಾಶಾಸ್ತ್ರದವರು ಇದಕ್ಕೂ ಸಂಧಿ ಎಂದೇ ಹೆಸರಿಟ್ಟಿದ್ದಾರೆ. ಮಳೆ ಕೂಡಿದರೆ ಕಾಲ ಗಾಲವಾಗುವಂತೆ, ಆದರೆ ದಿಕ್ಕು ತಿರುಗುಮುರುಗು. ನಮ್ಮ ಆದೇಶಸಂಧಿಯಲ್ಲಿ ಮುಂದಿನ ಪದ ಬದಲಾಗುತ್ತದೆ, ಅಲ್ಲಿ ಹಿಂದಿನದು.

ನಿಯಮವನ್ನು ಬಾಯಿಪಾಠ ಮಾಡಿ ಮಾತಾಡಲು ಹೋದವನು ಲೆಕ್ಕ ಹಾಕುತ್ತಲೇ ನಿಲ್ಲುತ್ತಾನೆ. ನಾನೂ ನಿಂತೆ. ಆಮೇಲೆ ಬಿಡಿ ಪದ ಬರೆಯುವುದನ್ನೇ ಬಿಟ್ಟು ಇಡೀ ವಾಕ್ಯ ಕಲಿತೆ. ಆಮಾ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅದರ ಹಿಂದೆಯೇ ನನ್ನದನ್ನೂ ಮಾಡಿ, ಎರಡನ್ನೂ ಪ್ರಾಟ್‌ಗೆ ಹಾಕುತ್ತಿದ್ದೆ. ಆಮ್‌ಸ್ಟರ್‌ಡಾಮಿನ ಇಬ್ಬರು ಧ್ವನಿವಿಜ್ಞಾನಿಗಳು ಮಾಡಿ ಪುಕ್ಕಟೆ ಕೊಟ್ಟಿರುವ ಸಾಫ್ಟ್‌ವೇರ್ ಅದು, ದನಿಯ ಏರಿಳಿತವನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಅವರ ‘ನ್ಙ್ ಲ್ಯಾಪ್ ನ್ಙ್’ ತಳದಲ್ಲಿ ಹೊರಟು ನಡುಮಟ್ಟದಲ್ಲಿ ನಿಲ್ಲುತ್ತಿತ್ತು. ನನ್ನದು ಪ್ರತಿ ಸಲವೂ ಕೊನೆಯಲ್ಲಿ ಬಾಲ ಎತ್ತುತ್ತಿತ್ತು. ಮೊಟ್ಟೆ ಇದೆಯಾ ಎಂದು ಅನುಮಾನದಿಂದ ಕೇಳುವವನಂತೆ. ಆ ಬಾಲ ಇಳಿಯಲು ಎರಡು ತಿಂಗಳು ಹಿಡಿಯಿತು.

ಇದನ್ನೆಲ್ಲ ನೋಡಿ ಆಮಾಗೆ ಅಚ್ಚರಿ. ಅವರು ಹುಡುಗಿಯಾಗಿದ್ದಾಗ ಶಾಲೆಯಲ್ಲಿ ತೈಗಿ ಆಡಿದರೆ ದಂಡ ಕಟ್ಟಬೇಕಿತ್ತಂತೆ. ‘ನಾನು ದುಡ್ಡು ತೆತ್ತೆ, ನೀನು ಗ್ರಾಫ್ ಹಾಕ್ತಿದ್ದೀಯ’ ಎಂದರು.

ಹೊರಡುವ ಮುಂಚೆ ಈಶಾನ್ಯದ ಯೀಲಾನ್‌ಗೆ ಹೋಗಿದ್ದೆವು. ಊಟದ ಅಂಗಡಿಯಲ್ಲಿ ಧೈರ್ಯವಾಗಿ, ಬಾಲ ಎತ್ತದೆ, ‘ಪ್ಙ್’ ಎಂದೆ. ಯಜಮಾನ ನಕ್ಕ. ‘ತೈನಾನ್ ಕಡೆಯವರಾ? ನಮ್ಮಲ್ಲಿ ಪೂಯ್ಁ’ ಎಂದ. ಮೊಟ್ಟೆಯೂ ಅಲ್ಲಿ ‘ನೂಯ್’, ಙಕಾರದ ಪತ್ತೆಯೇ ಇಲ್ಲ. ಹೆಂಡತಿ ನೋಟ್‌ಬುಕ್ ಕಿತ್ತುಕೊಂಡು, ಪೂಯ್ ತಲೆಯ ಮೇಲೆ ಚುಕ್ಕಿ ಸರಿಯಾಗಿ ಇಟ್ಟಿದ್ದೇನಾ ಎಂದು ನೋಡಿದಳು.