ಬೊಲೋನ್ಯಾದಲ್ಲಿ ‘ಸೋಚಿಯೊ’ ಆಗುವ ಮೊದಲು

ಇಟಲಿಯ ಬೊಲೋನ್ಯಾಕ್ಕೆ ಬಂದು ಕೋಪ್ ಸೂಪರ್‌ಮಾರ್ಕೆಟ್‌ಗೆ ಹೋದರೆ ಬಿಲ್ ಹಾಕುವಾಗ ಕೇಳುತ್ತಾರೆ: ‘ಆ ಲಾ ತೆಸ್ಸೆರಾ ಸೋಚಿಯೊ?’ ಸದಸ್ಯರ ಕಾರ್ಡ್ ಇದೆಯಾ ಅಂತ. ಡಿಸ್ಕೌಂಟ್ ಕಾರ್ಡ್ ಇರಬೇಕು ಅಂದುಕೊಂಡು ನಾವು ಇಲ್ಲ ಎಂದು ಬಂದುಬಿಡುತ್ತೇವೆ. ಆದರೆ ಕೋಪ್ ಒಂದು ಸಹಕಾರಿ ಸಂಘ, ಆ ಕಾರ್ಡ್ ಇದ್ದವರು ಅಂಗಡಿಯ ಮಾಲೀಕರಲ್ಲಿ ಒಬ್ಬರು.

ಬೊಲೋನ್ಯಾ ಇರುವ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದಲ್ಲಿ ಸಹಕಾರಿ ಸಂಘ ಅಂದರೆ ಬರೀ ಹಾಲಿನ ಡೈರಿ ಅಲ್ಲ. ಪಾರ್ಮಿಜಾನೊ ಚೀಸ್ ಮಾಡುವ ಎಷ್ಟೋ ಘಟಕಗಳು ಹಾಲು ಹಾಕುವ ರೈತರದ್ದೇ, ಅದು ಸರಿ. ಆದರೆ ಟೈಲ್ಸ್ ಮಾಡುವ ಯಂತ್ರಗಳನ್ನು ದೇಶದೇಶಕ್ಕೆ ಮಾರುವ ಇಮೋಲಾದ ಸಾಕ್ಮಿ ಕೂಡ ಸಹಕಾರಿಯೇ, 1919ರಿಂದ. ಕ್ಯಾಂಟೀನ್ ನಡೆಸುವ ಕಾಮ್ಸ್ಟ್ ಕೂಡ ಹಾಗೇ. ವೃದ್ಧರ ಆರೈಕೆ, ಶಿಶುವಿಹಾರಗಳನ್ನೂ ಎಷ್ಟೋ ಕಡೆ ಸಾಮಾಜಿಕ ಸಹಕಾರಿಗಳು ನೋಡಿಕೊಳ್ಳುತ್ತವೆ. ಅವಕ್ಕೆ 1991ರಲ್ಲಿ ಬೇರೆಯೇ ಕಾನೂನು ಬಂತು.

ಇಷ್ಟೆಲ್ಲ ಇಲ್ಲೇ ಉಳಿದದ್ದು ಹೇಗೆ? ನನ್ನ ಪ್ರಕಾರ ಗುಟ್ಟು ಮೀಸಲು ನಿಧಿಯಲ್ಲಿದೆ. ಲಾಭದಲ್ಲಿ ಒಂದು ಪಾಲು ಈ ನಿಧಿಗೆ ಹೋಗಲೇಬೇಕು. ಅದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಂಘ ಮುಚ್ಚಿದರೂ ಅದು ಯಾರ ಜೇಬಿಗೂ ಸೇರದೆ ಸಹಕಾರಿಗಳ ಸಾಮಾನ್ಯ ನಿಧಿಗೆ ಹೋಗುತ್ತದೆ. 1992ರ ಕಾನೂನಿನಂತೆ ಪ್ರತಿ ವರ್ಷ ಲಾಭದ ಶೇ. 3 ಕೂಡ ಅದೇ ಸಾಮಾನ್ಯ ನಿಧಿಗೆ, ಹೊಸ ಸಹಕಾರಿಗಳನ್ನು ಬೆಳೆಸಲಿಕ್ಕೆ. ಅಜ್ಜಂದಿರು ದುಡಿದು ಇಟ್ಟಿದ್ದನ್ನು ಮೊಮ್ಮಕ್ಕಳು ಮಾರಿಕೊಂಡು ಹೋಗೋಕೆ ಆಗಲ್ಲ, ಅಲ್ವಾ? ಇನ್ನೊಂದು, 1985ರ ಮಾರ್ಕೊರಾ ಕಾನೂನು. ಮುಳುಗುತ್ತಿರುವ ಕಂಪನಿಯನ್ನು ಕೆಲಸಗಾರರೇ ಸೇರಿ ಸಹಕಾರಿಯಾಗಿ ನಡೆಸಲು ಅದು ಹಣದ ದಾರಿ ಮಾಡಿಕೊಟ್ಟಿತು.

ಈಗ ನಿಮಗೆ ಬೇಕಾದ ವಿಷಯ. ಸಹಕಾರಿಯಲ್ಲಿ ಕೆಲಸ ಸಿಕ್ಕರೆ ‘ಸೋಚಿಯೊ ಲವೊರತೋರೆ’ ಆಗಿ ಅನ್ನಬಹುದು. ಅಂದರೆ ಕೆಲಸಗಾರನೂ ನೀವೇ, ಪಾಲುದಾರನೂ ನೀವೇ. ಬುಸ್ತಾ ಪಾಗಾದಲ್ಲಿ, ಅಂದರೆ ಸಂಬಳದ ಚೀಟಿಯಲ್ಲಿ, ‘ಕ್ವೋತಾ ಸೋಚಿಯಾಲೆ’ ಎಂಬ ಸಾಲು ಕಂಡರೆ ಗಾಬರಿ ಬೇಡ. ಅದು ನಿಮ್ಮ ಷೇರು ಹಣ. ಎಷ್ಟೋ ಕಡೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುತ್ತಾರೆ. ಬಿಟ್ಟು ಹೋಗುವಾಗ ಕೇಳಿ ವಾಪಸ್ ಪಡೆಯಬೇಕು. ಸಂಘ ನಷ್ಟದಲ್ಲಿದ್ದರೆ ಮಾತ್ರ ಕಡಿಮೆಯಾಗಬಹುದು. ಸದಸ್ಯ ಅನ್ನುವ ನೆಪದಲ್ಲಿ ಸಂಬಳವನ್ನು ರಾಷ್ಟ್ರೀಯ ಕಾರ್ಮಿಕ ಒಪ್ಪಂದಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. 2001ರ 142ನೇ ಕಾನೂನು ಅದನ್ನು ಹೇಳುತ್ತದೆ.

ಒಂದು ಕಡೆ ಮಾತ್ರ ಜಾಸ್ತಿ ಹುಷಾರಾಗಿರಿ. ಗೋದಾಮು, ಕ್ಲೀನಿಂಗ್ ಕೆಲಸಗಳಲ್ಲಿ ಹೆಸರಿಗಷ್ಟೇ ಸಹಕಾರಿಗಳಿವೆ. ಇಲ್ಲಿನವರು ಅವನ್ನು ‘ಸ್ಪೂರಿಯೆ’ ಅನ್ನುತ್ತಾರೆ, ನಕಲಿ ಅಂತ. ಸಭೆಗೆ ಕರೆಯದಿದ್ದರೆ, ನಿಯಮಾವಳಿ ಕೊಡದಿದ್ದರೆ ಸುಮ್ನೆ ಸಹಿ ಹಾಕಬೇಡಿ. ನಿಜವಾದ ಸಂಘ ಸಹಕಾರಿಗಳ ಸರ್ಕಾರಿ ಪಟ್ಟಿಯಲ್ಲಿ ಇರಲೇಬೇಕು. ಅದಕ್ಕೆ ಕನಿಷ್ಠ ಎರಡು ವರ್ಷಕ್ಕೊಮ್ಮೆ ತಪಾಸಣೆಯೂ ಇರುತ್ತದೆ. ಅನುಮಾನ ಬಂದರೆ ಕಾಗದ ಹಿಡಿದುಕೊಂಡು ಕಾರ್ಮಿಕ ಸಂಘಟನೆಯ ಆಫೀಸಿಗೆ ಹೋಗಿ.

ಕೋಪ್‌ನಲ್ಲಿ ಉಳಿತಾಯ ಇಡುವ ‘ಪ್ರೆಸ್ತಿತೊ ಸೋಚಿಯಾಲೆ’ಗೆ ಬ್ಯಾಂಕ್ ಠೇವಣಿಯ ವಿಮೆ ಇಲ್ಲ, ಇದೂ ನೆನಪಿರಲಿ.

ವಸಂತ ಕಾಲದಲ್ಲಿ ಲೆಕ್ಕಪತ್ರದ ಸಭೆಗೆ ಕರೆ ಬರುತ್ತದೆ. ಇಟಾಲಿಯನ್ ಅರ್ಧಂಬರ್ಧ ಬಂದರೂ ಹೋಗಿ ಕೂತುಕೊಳ್ಳಿ. ಸದಸ್ಯರ ಪುಸ್ತಕಕ್ಕೆ ಹೆಸರು ಸೇರಿ 90 ದಿನ ಆಗಿದ್ದರೆ ನಿಮಗೂ ಒಂದು ಓಟು, ಅಧ್ಯಕ್ಷರಿಗೂ ಒಂದೇ.