ಸಿಯಾಟಲ್ ಕಡೆಗೆ ಹೊಸದಾಗಿ ಬಂದವರೇ, ಮೊದಲು ಪಕ್ಕದ ಕಾಡು ನೋಡಿ

ಬೆಲ್ವ್ಯೂ, ರೆಡ್ಮಂಡ್, ಬಾಥೆಲ್ ಕಡೆ ಬಂದಿಳಿದ ಹೊಸಬರು ಮೊದಲ ಬೇಸಿಗೆಯಲ್ಲಿ ಕೇಳುವುದು ಒಂದೇ ಪ್ರಶ್ನೆ. ಮೌಂಟ್ ರೇನಿಯರ್‌ಗೆ ಯಾವಾಗ ಹೋಗೋಣ? ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಜುಲೈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿನ ಗೇಟ್ ಮುಂದೆ ನಿಂತರೆ ಸಿಲ್ಕ್ ಬೋರ್ಡ್ ಜಂಕ್ಷನ್ನೇ ವಾಸಿ ಅನ್ನಿಸುತ್ತದೆ. ಅದಕ್ಕಿಂತ ಹತ್ತಿರ, ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ ಮುಕ್ಕಾಲು ಗಂಟೆ ಹೋದರೆ ಸಿಗುವ ಕಾಡಿನ ಹೆಸರೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಮೌಂಟ್ ಬೇಕರ್-ಸ್ನೊಕ್ವಾಲ್ಮಿ ನ್ಯಾಷನಲ್ ಫಾರೆಸ್ಟ್. ಕೆನಡಾ ಗಡಿಯಿಂದ ಹಿಡಿದು ರೇನಿಯರ್ ಪಾರ್ಕಿನ ಉತ್ತರದ ಅಂಚಿನವರೆಗೆ, ಕ್ಯಾಸ್ಕೇಡ್ ಬೆಟ್ಟಸಾಲಿನ ಪಶ್ಚಿಮದ ಮಗ್ಗುಲಿನಲ್ಲಿ ಹಬ್ಬಿಕೊಂಡಿದೆ. ನನ್ನ ಮಟ್ಟಿಗೆ ಮೊದಲ ವರ್ಷಕ್ಕೆ ಇದೊಂದೇ ಧಾರಾಳವಾಗಿ ಸಾಕು.

ಪಾರ್ಕ್ ಬೇರೆ, ಫಾರೆಸ್ಟ್ ಬೇರೆ. ಇದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ನ್ಯಾಷನಲ್ ಪಾರ್ಕ್‌ಗಳು ಕೇಂದ್ರ ಸರ್ಕಾರದ ಇಂಟೀರಿಯರ್ ಇಲಾಖೆಯ ಕೈಯಲ್ಲಿವೆ. ನ್ಯಾಷನಲ್ ಫಾರೆಸ್ಟ್‌ಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ 1905ರಿಂದ ಕೃಷಿ ಇಲಾಖೆಯ ಅಡಿಯಲ್ಲಿದೆ. ಹಾಗಾಗಿ ಇಲ್ಲಿ ಮರ ಕಡಿಯುವುದೂ ಉಂಟು, ಬೇಟೆಯೂ ಉಂಟು, ಸ್ಕೀಯಿಂಗ್ ನಡೆಸುವ ಕಂಪನಿಗಳೂ ಉಂಟು. (ಶರತ್ಕಾಲದಲ್ಲಿ ಬೇಟೆಯವರು ಓಡಾಡುತ್ತಿರುತ್ತಾರೆ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಹೋಗಿ.) ನಾಯಿಯನ್ನು ಹಗ್ಗ ಕಟ್ಟಿಕೊಂಡು ಹೆಚ್ಚಿನ ಕಾಲುದಾರಿಗಳಿಗೆ, ಅಂದರೆ ಟ್ರೇಲ್‌ಗಳಿಗೆ ಕರೆದೊಯ್ಯಬಹುದು, ಪಾರ್ಕ್‌ನಲ್ಲಿ ಅದಕ್ಕೆ ಬಹುತೇಕ ಅವಕಾಶವಿಲ್ಲ. ನಮ್ಮೂರಲ್ಲಿ ಮೀಸಲು ಅರಣ್ಯ ಅಂದರೆ ಚೆಕ್‌ಪೋಸ್ಟ್, ಅನುಮತಿ, ಸಂಜೆಯೊಳಗೆ ಇಳಿದು ಬನ್ನಿ ಅನ್ನುವ ಗಾರ್ಡ್. ಇಲ್ಲಿ ಹೆಚ್ಚಿನ ಕಡೆ ಅದ್ಯಾವುದೂ ಇಲ್ಲ. ಗೇಟೇ ಇಲ್ಲ. ರಸ್ತೆ ಬದಿಯಲ್ಲಿ ಒಂದು ಕಂದು ಬಣ್ಣದ ಬೋರ್ಡ್, ಅಷ್ಟೆ, ನೀವು ಕಾಡಿನೊಳಗೆ. ಚಹಾ ಅಂಗಡಿಯೂ ಇಲ್ಲ, "ಸಾರ್, ಆ ಕಡೆ ಹೋಗಬೇಡಿ" ಎಂದು ಕೂಗಿ ಹೇಳುವವರೂ ಇಲ್ಲ.

ಈಗ ಪಾಸ್ ವಿಚಾರ. ಟ್ರೇಲ್ ಶುರುವಾಗುವ ಜಾಗ, ಅಂದರೆ ಟ್ರೇಲ್‌ಹೆಡ್‌ನಲ್ಲಿ ಟಾಯ್ಲೆಟ್, ಟೇಬಲ್, ಕಸದ ಡಬ್ಬಿ, ಮಾಹಿತಿ ಫಲಕ ಎಲ್ಲ ಇದ್ದರೆ ಸಾಮಾನ್ಯವಾಗಿ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು. ದಿನಕ್ಕೆ 5 ಡಾಲರ್, ವರ್ಷಕ್ಕೆ 30. ತಲೆಗೆ ಅಲ್ಲ, ಕಾರಿಗೆ. ನ್ಯಾಷನಲ್ ಪಾರ್ಕ್‌ಗಳಿಗೂ ಹೋಗುವ ಯೋಚನೆ ಇದ್ದರೆ ಅಮೆರಿಕದಲ್ಲಿ ವಾಸಿಸುವವರಿಗೆ 80 ಡಾಲರಿಗೆ ಸಿಗುವ ಅಮೆರಿಕ ದ ಬ್ಯೂಟಿಫುಲ್ ಪಾಸ್ ತೆಗೆದುಕೊಳ್ಳಿ, ಅದು ಎರಡೂ ಕಡೆ ನಡೆಯುತ್ತದೆ. ಎಲ್ಲರೂ ಎಡವುವುದು ಮೂರನೆಯದರಲ್ಲಿ. ಡಿಸ್ಕವರ್ ಪಾಸ್ ಅಂತ ಇನ್ನೊಂದಿದೆ, ಅದು ವಾಷಿಂಗ್ಟನ್ ರಾಜ್ಯದ ಜಾಗಗಳಿಗೆ. ಮೌಂಟ್ ಸೈ ಹತ್ತಬೇಕಾದರೆ ಡಿಸ್ಕವರ್ ಪಾಸ್, ಅಲ್ಲಿಂದ ಸ್ವಲ್ಪವೇ ಮುಂದೆ ಹೋಗಿ ಫ್ರಾಂಕ್ಲಿನ್ ಫಾಲ್ಸ್‌ನಲ್ಲಿ ನಿಲ್ಲಿಸಿದರೆ ಫಾರೆಸ್ಟ್ ಪಾಸ್. ಒಂದನ್ನು ಇನ್ನೊಂದರ ಬದಲು ತೂಗುಹಾಕಿ ದಂಡದ ಚೀಟಿ ಹಿಡಿದುಕೊಂಡು ಮನೆಗೆ ಬರುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ಪಾಸ್ ಅನ್ನು ಮನೆಯಲ್ಲೇ ತೆಗೆದುಕೊಂಡು ಹೊರಡಿ, ಬೆಟ್ಟದ ಬುಡದಲ್ಲಿ ನಿಂತು ಫೋನಿನಲ್ಲಿ ಕೊಳ್ಳೋಣ ಅಂದರೆ ನೆಟ್‌ವರ್ಕ್ ಇರುವುದಿಲ್ಲ.

ಎಲ್ಲಿಗೆ ಹೋಗಬೇಕು? ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಜಾಸ್ತಿ ನಡೆಯಲು ಆಗುವುದಿಲ್ಲ ಅಂದರೆ ಗೋಲ್ಡ್ ಕ್ರೀಕ್ ಪಾಂಡ್. ಐ-90ರ 54ನೇ ಎಕ್ಸಿಟ್. ಸುಮಾರು 1 ಮೈಲಿ ಸುತ್ತು, ಸಮತಟ್ಟು. ಹೆದ್ದಾರಿ ಕಟ್ಟುವಾಗ ಜಲ್ಲಿ ತೆಗೆದ ಗುಂಡಿಯೇ ಈಗ ಕೊಳವಾಗಿರುವುದು, ನೋಡಿದರೆ ನಂಬುವುದಿಲ್ಲ. ಇದಿರುವುದು ಸ್ನೊಕ್ವಾಲ್ಮಿ ಘಟ್ಟದಾಚೆ, ಘಟ್ಟ ದಾಟಿದ ಕೂಡಲೇ ಕಾಡಿನ ಹೆಸರು ಒಕನೋಗನ್-ವೆನಾಚಿ ಎಂದಾಗುತ್ತದೆ, ಆದರೆ ಪಾಸ್ ಅದೇ. ಇನ್ನೂ ದೂರ ಹೋಗುವ ಮನಸ್ಸಿದ್ದರೆ 542ನೇ ಹೆದ್ದಾರಿಯ ತುದಿಯ ಹತ್ತಿರ ಪಿಕ್ಚರ್ ಲೇಕ್ ಇದೆ. ಗಾಳಿಯಿಲ್ಲದ ಬೆಳಿಗ್ಗೆ ಮೌಂಟ್ ಶುಕ್ಸನ್ ಇಡೀ ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಅಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡೇ ಸುತ್ತು ಬರಬಹುದು. ಸ್ಪೋರ್ಟ್ಸ್ ಶೂ ಮಾತ್ರ ಹಾಕಿಸಿ.

ಮಕ್ಕಳಿದ್ದರೆ ಫ್ರಾಂಕ್ಲಿನ್ ಫಾಲ್ಸ್. ಹೋಗಿ ಬರಲು 2 ಮೈಲಿ. ಕೊನೆಯ ಹತ್ತಿಪ್ಪತ್ತು ಹೆಜ್ಜೆ ಬಂಡೆ, ಯಾವಾಗಲೂ ಒದ್ದೆ, ಅಲ್ಲಿ ಮಗುವಿನ ಕೈ ಬಿಡಬೇಡಿ. ಜಲಪಾತದ ತಲೆಯ ಮೇಲೆಯೇ ಐ-90ರ ಸೇತುವೆ ಹಾದುಹೋಗುತ್ತದೆ, ಫೋಟೋದಲ್ಲಿ ಅದು ಬರದಂತೆ ನಿಲ್ಲುವುದೇ ಒಂದು ಕಲೆ. ಸ್ವಲ್ಪ ಕಾಲು ಗಟ್ಟಿಯಾದ ಮೇಲೆ ಟಲಾಪಸ್ ಲೇಕ್, ಹೋಗಿ ಬರಲು ಸುಮಾರು 4 ಮೈಲಿ. ಆಮೇಲೆ ಸ್ನೋ ಲೇಕ್, ಸುಮಾರು 7 ಮೈಲಿ. ಸ್ನೋ ಲೇಕ್‌ಗೆ ಮಾತ್ರ ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು, ಇಲ್ಲದಿದ್ದರೆ ಪಾರ್ಕಿಂಗ್ ಹುಡುಕುವುದರಲ್ಲೇ ಉತ್ಸಾಹ ಮುಗಿಯುತ್ತದೆ. ಎಲ್ಲರೂ ಇನ್‌ಸ್ಟಾಗ್ರಾಂನಲ್ಲಿ ಹಾಕುವ ಬೆಟ್ಟದ ಮೇಲಿನ ಸರೋವರಗಳ ಪ್ರದೇಶ ಎನ್‌ಚಾಂಟ್‌ಮೆಂಟ್ಸ್‌ನಲ್ಲಿ ರಾತ್ರಿ ಉಳಿಯಬೇಕಾದರೆ ಲಾಟರಿ. ಚಳಿಗಾಲದ ಕೊನೆಯಲ್ಲೇ ಅರ್ಜಿ ಹಾಕಬೇಕು, ಸಿಗುವುದು ಅದೃಷ್ಟ. ಮೊದಲ ವರ್ಷ ಅದರ ಆಸೆ ಬಿಡಿ.

ಇನ್ನು ಹಿಮ. ಮೇ ತಿಂಗಳಲ್ಲಿ ಸಿಯಾಟಲ್‌ನಲ್ಲಿ ಬಿಸಿಲು ಬಂದ ಕೂಡಲೇ ಬೆಟ್ಟದಲ್ಲೂ ಬೇಸಿಗೆ ಅಂದುಕೊಳ್ಳುತ್ತೇವೆ, ಸ್ನೋ ಲೇಕ್ ದಾರಿಯಲ್ಲಿ ಜುಲೈ ಬಂದರೂ ಹಿಮ ಇರಬಹುದು. ಬೇಕರ್ ಬೆಟ್ಟದ ಸ್ಕೀ ಪ್ರದೇಶದಲ್ಲಿ 1998-99ರ ಒಂದೇ ಚಳಿಗಾಲದಲ್ಲಿ 1,140 ಇಂಚು, ಅಂದರೆ 95 ಅಡಿ ಹಿಮ ಬಿದ್ದಿತ್ತು. ಆ ಪ್ರದೇಶ ಇದು. ಹೊರಡುವ ಮುಂಚೆ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್‌ನಲ್ಲಿ ಜನ ಬರೆದಿರುವ ಟ್ರಿಪ್ ರಿಪೋರ್ಟ್ ಓದಿ. ಕಳೆದ ವಾರ ಹೋದವರು ಹಿಮ ಎಲ್ಲಿಂದ ಶುರು, ಯಾವ ಸೇತುವೆ ಬಿದ್ದಿದೆ, ಸೊಳ್ಳೆ ಎಷ್ಟು, ಎಲ್ಲ ಬರೆದಿರುತ್ತಾರೆ. ಫಾರೆಸ್ಟ್ ಸರ್ವಿಸ್ ಪುಟದಲ್ಲಿ ರಸ್ತೆ ಮುಚ್ಚಿದೆಯಾ ಅಂತಲೂ ನೋಡಿ, ಮಳೆಗೆ ಕಾಡಿನ ರಸ್ತೆ ಕೊಚ್ಚಿಹೋಗುವುದು ಇಲ್ಲಿ ಮಾಮೂಲು. ಚಳಿಗಾಲದಲ್ಲಿ ಇದೇ ಕೆಲವು ಪಾರ್ಕಿಂಗ್ ಜಾಗಗಳಿಗೆ ಸ್ನೋ-ಪಾರ್ಕ್ ಪರ್ಮಿಟ್ ಅಂತ ಬೇರೆಯದೇ ಬೇಕು. ಬೆಟ್ಟದಿಂದ ಹಿಮ ಕುಸಿಯುವ ಅಪಾಯ ಇರುವ ಟ್ರೇಲ್‌ಗೆ ಆಗ ಸುಮ್ನೆ ಹೋಗಲೇಬೇಡಿ.

ನೀರಿನ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ನದಿ ಕಂಡರೆ ಕಾಲಿಡದೆ ಬರುವವರು ಕಡಿಮೆ. ಇಲ್ಲಿನ ಹೊಳೆಗಳಲ್ಲಿ ಜೂನ್‌ನಲ್ಲಿ ಹರಿಯುವುದು ಆಗಷ್ಟೇ ಕರಗಿದ ಹಿಮ. ಹೊರಗೆ ಬಿಸಿಲು 30 ಡಿಗ್ರಿ ಇದ್ದರೂ ನೀರು ಮೂಳೆ ಕೊರೆಯುತ್ತದೆ. ಎದೆಮಟ್ಟ ಇಳಿದ ತಕ್ಷಣ ಉಸಿರು ಹಿಡಿದುಕೊಳ್ಳುತ್ತದೆ, ಬಾಯಿ ತೆರೆದು ನೀರು ಕುಡಿಯುತ್ತೀರಿ, ಕೈಕಾಲು ಮಾತು ಕೇಳುವುದಿಲ್ಲ. ಊರ ಕೆರೆಯಲ್ಲಿ ಈಜಿ ಗೆದ್ದವರಿಗೂ ಇದೇ ಕಥೆ. 2ನೇ ಹೆದ್ದಾರಿಯ ಪಕ್ಕದ ಈಗಲ್ ಫಾಲ್ಸ್‌ನಲ್ಲಿ ಮುಳುಗಿ ಸತ್ತವರು ಒಬ್ಬಿಬ್ಬರಲ್ಲ. ಸೆಲ್ಫಿಗಾಗಿ ಜಲಪಾತದ ಮೇಲಿನ ಬಂಡೆಗೆ ಹೋಗಬೇಡಿ. ಮೌಂಟನ್ ಲೂಪ್ ಹೆದ್ದಾರಿ ಕಡೆಯ ಬಿಗ್ ಫೋರ್ ಐಸ್ ಕೇವ್ಸ್ ಕೂಡ ಹಾಗೆಯೇ. ದೂರದಿಂದ ನೋಡಲು ಚೆಂದ, ಒಳಗೆ ಹೋದವರ ಮೇಲೆ, ಹತ್ತಿರ ನಿಂತವರ ಮೇಲೆ ಹಿಮದ ಗಡ್ಡೆ ಕುಸಿದು 2010ರಲ್ಲೂ 2015ರಲ್ಲೂ ಸಾವಾಗಿದೆ.

ನಾವು ಕನ್ನಡದವರು ಹೊರಟರೆ ಗುಂಪಾಗಿಯೇ ಹೊರಡುವುದು ಅಲ್ವಾ. ನಾಲ್ಕು ಕುಟುಂಬ, ಮಕ್ಕಳು, ಊರಿಂದ ಬಂದ ಅತ್ತೆ ಮಾವ, ಎಣಿಸಿದರೆ ಹದಿನೆಂಟು. ಹೆಚ್ಚು ಬಿಗಿ ನಿಯಮಗಳಿರುವ ಸಂರಕ್ಷಿತ ಭಾಗವಾದ ಆಲ್ಪೈನ್ ಲೇಕ್ಸ್ ವಿಲ್ಡರ್‌ನೆಸ್‌ನೊಳಗೆ ಒಂದು ಗುಂಪಿಗೆ 12 ಜನರೇ ಮಿತಿ. ಟಲಾಪಸ್, ಸ್ನೋ ಲೇಕ್ ಎರಡೂ ಅದರೊಳಗೇ ಬರುತ್ತವೆ. ಹದಿನೆಂಟು ಜನ ಇದ್ದರೆ ಬೇರೆ ಬೇರೆ ಟ್ರೇಲ್‌ಗೆ ಹೋಗಿ, ಊಟಕ್ಕೆ ಬೇಕಾದರೆ ಗೋಲ್ಡ್ ಕ್ರೀಕ್ ಥರದ ಕಡೆ ಸೇರಿ. ಟ್ರೇಲ್ ಶುರುವಾಗುವಲ್ಲಿ ಮರದ ಪೆಟ್ಟಿಗೆಯಲ್ಲಿ ಪರ್ಮಿಟ್ ಚೀಟಿ ಇರುತ್ತದೆ, ದುಡ್ಡಿಲ್ಲ, ತುಂಬಿ ಒಂದು ಭಾಗ ಪೆಟ್ಟಿಗೆಗೆ ಹಾಕಿ ಇನ್ನೊಂದು ಜೊತೆಗಿಟ್ಟುಕೊಳ್ಳಿ. ಮತ್ತೆ ದಯವಿಟ್ಟು ಬ್ಲೂಟೂತ್ ಸ್ಪೀಕರ್ ಕಾರಲ್ಲೇ ಇರಲಿ. ಹಾಡು ಎಷ್ಟೇ ಚೆನ್ನಾಗಿರಲಿ.

ಕ್ಯಾಂಪಿಂಗ್‌ಗೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕ್ ಮಾಡಬೇಕು. ಹೆಚ್ಚಿನ ಸೈಟ್‌ಗಳು 6 ತಿಂಗಳ ಮುಂಚೆ, ಸಿಯಾಟಲ್ ಸಮಯ ಬೆಳಿಗ್ಗೆ 7ಕ್ಕೆ ತೆರೆದುಕೊಳ್ಳುತ್ತವೆ. ಆಗಸ್ಟ್ ಶನಿವಾರ ಬೇಕಾದರೆ ಫೆಬ್ರವರಿಯಲ್ಲೇ ಅಲಾರ್ಮ್ ಇಡಿ. ತಪ್ಪಿಹೋದರೆ ಗುರುವಾರ ರಾತ್ರಿ ಮತ್ತೆ ನೋಡಿ, ಕೊನೆಯ ಗಳಿಗೆಯಲ್ಲಿ ರದ್ದು ಮಾಡುವವರು ಇರುತ್ತಾರೆ. ಡೆನ್ನಿ ಕ್ರೀಕ್ ಹತ್ತಿರದ್ದು, ಮಕ್ಕಳಿಗೆ ಹೊಳೆಯೂ ಇದೆ, ಆದರೆ ಹೆದ್ದಾರಿಯ ಲಾರಿ ಸದ್ದು ಕೇಳಿಸುತ್ತದೆ. 2ನೇ ಹೆದ್ದಾರಿಯ ಮನಿ ಕ್ರೀಕ್‌ನಲ್ಲಿ ಮರಗಳು ಅದ್ಭುತ, ಪಕ್ಕದಲ್ಲೇ ರೈಲು ಹಳಿ, ನಡುರಾತ್ರಿ ಗೂಡ್ಸ್ ಗಾಡಿ ಕೂಗಿಕೊಂಡು ಹೋದಾಗ ಇಡೀ ಟೆಂಟ್ ಎದ್ದು ಕೂರುತ್ತದೆ. ನಿಶ್ಶಬ್ದ ಬೇಕಾದವರು ಬೇಕರ್ ಲೇಕ್ ಕಡೆಯ ಹಾರ್ಸ್‌ಶೂ ಕೋವ್ ನೋಡಿ. ಟೆಂಟ್ ಕೊಳ್ಳುವುದಕ್ಕೆ ಅವಸರ ಬೇಡ. ಆರ್‌ಇಐ ಎಂಬ ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ, ಎರಡು ಮೂರು ಸಲ ಮಲಗಿ ನೋಡಿ, ಮನೆಯವರಿಗೆ ಒಗ್ಗಿತಾ ನೋಡಿ, ಆಮೇಲೆ ಕೊಳ್ಳಿ. ಎಷ್ಟೋ ಜನರ ಗ್ಯಾರೇಜಿನಲ್ಲಿ ಒಂದೇ ಸಲ ಬಿಚ್ಚಿದ ಟೆಂಟ್ ಧೂಳು ತಿನ್ನುತ್ತಿದೆ, ಕೇಳಿದರೆ ಖುಷಿಯಾಗಿ ಕೊಡುತ್ತಾರೆ.

ಊಟದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಎಲ್ಲ ಕಾಡಿಗೆ ಹೇಳಿ ಮಾಡಿಸಿದ್ದು. ಕಷ್ಟ ಇರುವುದು ತಿಂದ ಮೇಲೆ. ಚಿತ್ರಾನ್ನದಿಂದ ಆರಿಸಿ ಇಟ್ಟ ಕರಿಬೇವು, ಒಣಮೆಣಸು, ಕಿತ್ತಳೆ ಸಿಪ್ಪೆ, ಬಾಳೆ ಸಿಪ್ಪೆ, "ಮಣ್ಣಲ್ಲಿ ಮಣ್ಣಾಗುತ್ತೆ ಬಿಡಿ" ಎಂದು ಪೊದೆಗೆ ಎಸೆಯುತ್ತೇವೆ. ಈ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ, ಮತ್ತೆ ಕರಡಿಗೆ ಮನುಷ್ಯರ ಊಟದ ರುಚಿ ಹತ್ತಿದರೆ ಕೊನೆಗೆ ಸಾಯುವುದು ಕರಡಿಯೇ. ಒಂದು ಜಿಪ್‌ಲಾಕ್ ಚೀಲದಲ್ಲಿ ಎಲ್ಲ ತುಂಬಿಕೊಂಡು ವಾಪಸ್ ತನ್ನಿ. ರಾತ್ರಿ ಊಟ, ಕುಕ್ಕರ್, ಉಪ್ಪಿನಕಾಯಿ ಡಬ್ಬ, ಟೂತ್‌ಪೇಸ್ಟ್ ಕೂಡ ಕಾರಿನೊಳಗೆ ಇಟ್ಟು ಬೀಗ ಹಾಕಿ, ಟೆಂಟಿನೊಳಗೆ ಬೇಡ. ಪಾತ್ರೆ ಹೊಳೆಯಲ್ಲಿ ತೊಳೆಯಬಾರದು, ನೀರಿನಿಂದ 200 ಅಡಿ ಆಚೆ.

ಬೆಂಕಿಯ ನಿಯಮ ಇಲ್ಲಿ ತಮಾಷೆಯಲ್ಲ. ಬೇಸಿಗೆಯ ನಡುವೆ ಬೆಂಕಿ ನಿಷೇಧ ಬರುತ್ತದೆ, ಆಗ ಇದ್ದಿಲ ಒಲೆಯೂ ಇಲ್ಲ. ನಾಬ್ ತಿರುಗಿಸಿ ಆರಿಸುವ ಗ್ಯಾಸ್ ಸ್ಟೋವ್‌ಗೆ ಸಾಮಾನ್ಯವಾಗಿ ಅನುಮತಿ ಇರುತ್ತದೆ, ಆದರೂ ಅವತ್ತಿನ ನಿಯಮ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಸ್ಕೈಕೋಮಿಶ್ ಹತ್ತಿರ ಹೊತ್ತಿಕೊಂಡ ಬೋಲ್ಟ್ ಕ್ರೀಕ್ ಬೆಂಕಿ ಸುಮಾರು 15,000 ಎಕರೆ ತಿಂದಿತು, ಹೆದ್ದಾರಿಯನ್ನೇ ಮುಚ್ಚಬೇಕಾಯಿತು. ನಿಷೇಧ ಇಲ್ಲದ ದಿನ ಹಚ್ಚಿದರೂ ಆರಿಸುವಾಗ ನೀರು ಸುರಿಯಿರಿ, ಕೋಲಿನಿಂದ ಕದಡಿ, ಮತ್ತೆ ಸುರಿಯಿರಿ, ಬೂದಿಯ ಮೇಲೆ ಅಂಗೈಯ ಹಿಂಭಾಗ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ. ಸೌದೆ ಮನೆಯಿಂದ ಒಯ್ಯಬೇಡಿ, ಅದರೊಳಗಿನ ಹುಳ ಹೊಸ ಕಾಡಿಗೆ ಸೇರಿಕೊಳ್ಳುತ್ತದೆ. ಪಟಾಕಿ ವರ್ಷದ ಯಾವ ದಿನವೂ ಇಲ್ಲ, ದೀಪಾವಳಿ ಇರಲಿ ಜುಲೈ 4 ಇರಲಿ.

ಟಾಯ್ಲೆಟ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗುಂಡಿ ಟಾಯ್ಲೆಟ್, ನಲ್ಲಿ ಇಲ್ಲ, ಎಷ್ಟೋ ಸಲ ಪೇಪರೂ ಇಲ್ಲ. ಚೊಂಬಿನ ಕೆಲಸಕ್ಕೆ ಒಂದು ಬೇರೆ ಬಾಟಲಿ, ಸ್ಯಾನಿಟೈಸರ್, ಪೇಪರ್ ಕಾರಲ್ಲಿ ಯಾವಾಗಲೂ ಇರಲಿ. ಕುಡಿಯುವ ನೀರೂ ಮನೆಯಿಂದಲೇ. ಹೊಳೆಯ ನೀರು ಎಷ್ಟೇ ತಿಳಿಯಾಗಿದ್ದರೂ ಫಿಲ್ಟರ್ ಮಾಡದೆ ಕುಡಿದರೆ ಜಿಯಾರ್ಡಿಯಾ ಸೋಂಕು ಹಿಡಿದು ವಾರಗಟ್ಟಲೆ ಹೊಟ್ಟೆ ಕೆಡುತ್ತದೆ.

ಲ್ಯಾಪ್‌ಟಾಪ್ ಬ್ಯಾಗ್ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಟ್ರೇಲ್‌ಹೆಡ್‌ನಲ್ಲಿ ಗಾಜು ಒಡೆಯುವುದು ಸಾಮಾನ್ಯ, ಪಾಸ್‌ಪೋರ್ಟ್, ವೀಸಾ ಪೇಪರ್ ಹೋದರೆ ಅಲೆದಾಟ ಬೇರೆ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿ. ನಾರ್ತ್ ಬೆಂಡ್‌ನಲ್ಲಿ ಪೆಟ್ರೋಲ್ ಹಾಕಿಸಿ. ಹೆಡ್‌ಲ್ಯಾಂಪ್ ಹಗಲು ನಡಿಗೆಗೂ ಬೇಕು, ಅಕ್ಟೋಬರ್‌ನಲ್ಲಿ ಆರೂವರೆಗೆಲ್ಲ ಮರಗಳ ಕೆಳಗೆ ಕತ್ತಲು. ಎಲ್ಲಿಗೆ ಹೋಗುತ್ತೀರಿ, ಯಾವ ಟ್ರೇಲ್, ಎಷ್ಟು ಹೊತ್ತಿಗೆ ಬರುತ್ತೀರಿ, ಬರದಿದ್ದರೆ ಎಷ್ಟು ಹೊತ್ತಿಗೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು ಎಂದು ಪಕ್ಕದ ಮನೆಯವರಿಗೋ ಗೆಳೆಯರಿಗೋ ಮೆಸೇಜ್ ಹಾಕಿ. ಬೆಂಗಳೂರಿನ ಅಣ್ಣನಿಗೆ ಹಾಕಿದರೆ ಸಾಲದು. ಇಲ್ಲಿ ಹುಡುಕಲು ಬರುವುದು ಕೌಂಟಿ ಶೆರಿಫ್ ಕಡೆಯವರು ಮತ್ತು ಅವರ ಜೊತೆ ಕೆಲಸ ಮಾಡುವ ಸ್ವಯಂಸೇವಕರು, ಹುಡುಕಿದ್ದಕ್ಕೆ ಬಿಲ್ ಕಳಿಸುವುದಿಲ್ಲ. ದುಡ್ಡಾಗುತ್ತದೆ ಅಂತ ಹೆದರಿ ಫೋನ್ ಮಾಡುವುದನ್ನು ಕತ್ತಲಾಗುವ ತನಕ ತಡ ಮಾಡಬೇಡಿ.